ಸತ್ತವರಲ್ಲಿಯೂ ಮೇಲು ಕೀಳೇ?



ನವೆಂಬರ್ 2ರಂದು, ಸಮಸ್ತ ಮೃತರ ಸ್ಮರಣೆಯ ದಿನ, ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂಬುದನ್ನು ನೀವು ಬಲ್ಲಿರಿ. ಈ ಪದ್ಧತಿ ವಿಶ್ವದ ಶ್ರೀಸಭೆಗೆಲ್ಲ ಹೇಗೆ ಬಂದಿತೆಂಬುದು ಮಾತ್ರ ಬಹಳ ಜನರಿಗೆ ತಿಳಿದಿರಲಾರದು. 1915ರ ಆಗಸ್ಟ್ ತಿಂಗಳಲ್ಲಿ, ಮೊದಲನೆಯ ಮಹಾಯುದ್ಧ ಯೂರೋಪನ್ನು ಸುಡುತ್ತಿದ್ದಾಗ, ಜಗದ್ಗುರು 15ನೆಯ ಬೆನೆಡಿಕ್ಟರು ಈ ಅನುಮತಿಯನ್ನು ಎಲ್ಲ ಗುರುಗಳಿಗೂ ನೀಡಿದರು. ಆ ಯುದ್ಧದಲ್ಲಿ ಬಿದ್ದ ಲೆಕ್ಕವಿಲ್ಲದಷ್ಟು ಜನರಿಗಾಗಿ ಪ್ರಾರ್ಥಿಸಬೇಕೆಂಬುದೇ ಅದರ ಹಿಂದಿನ ಮುಖ್ಯ ಪ್ರೇರಣೆಯಾಗಿತ್ತು. ಆ ಮೂರು ಪೂಜೆಗಳ ನಿಯಮವನ್ನು ಗಮನಿಸಿ. ಒಂದಕ್ಕೆ ಮಾತ್ರ ಗುರುವು ಕಾಣಿಕೆ ಸ್ವೀಕರಿಸಬಹುದು. ಇನ್ನೊಂದನ್ನು ಮೃತರಾದ ಸಮಸ್ತ ವಿಶ್ವಾಸಿಗಳಿಗಾಗಿಯೂ ಮತ್ತೊಂದನ್ನು ಜಗದ್ಗುರುಗಳ ಉದ್ದೇಶಕ್ಕಾಗಿಯೂ ಯಾವ ಕಾಣಿಕೆಯನ್ನೂ ಪಡೆಯದೆ ಅರ್ಪಿಸಬೇಕು. ಅಂದರೆ, ಯಾರೂ ಹೆಸರು ಬರೆಸದ, ಯಾರೂ ಹಣ ಕೊಡದ, ಬಂಧುಬಳಗವಿಲ್ಲದ ಮೃತನಿಗೂ ಅಂದು ಬಲಿಪೀಠದಲ್ಲಿ ಪಾಲಿದೆ.

ಶ್ರೀಸಭೆ ಹಾಕಿಕೊಟ್ಟ ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಯುದ್ಧದಲ್ಲಿ ಮಡಿದವರನ್ನು ಸಮಾಜಗಳು ನೆನೆಯುವ ರೀತಿಯನ್ನು ಪರೀಕ್ಷಿಸೋಣ. ನನ್ನ ವಾದ ಇಷ್ಟೇ: ಇಂದು ದೇಶದೇಶಗಳಲ್ಲಿ ಯುದ್ಧಸ್ಮರಣೆಯೆಂಬ ಹೆಸರಿನಲ್ಲಿ ನಡೆಯುತ್ತಿರುವುದರಲ್ಲಿ ಬಹುಪಾಲು ಸತ್ತವರ ಸ್ಮರಣೆಯೇ ಅಲ್ಲ. ಅದು ಬದುಕಿರುವವರ ಆತ್ಮಪ್ರಶಂಸೆ. ಅದಕ್ಕೆ ಬೇಕಾದ ಹೆಣಗಳನ್ನು ಅದು ಆರಿಸಿಕೊಳ್ಳುತ್ತದೆ, ಬೇಡವಾದವುಗಳನ್ನು ಮರಳಿನಲ್ಲಿ ಬಿಟ್ಟುಬಿಡುತ್ತದೆ. ಇಂಥ ಸ್ಮರಣೆ ಅನ್ಯಾಯ; ಕ್ರೈಸ್ತರಾದ ನಾವು ಅದಕ್ಕೆ ತಲೆಯಾಡಿಸುವುದು ಪಾಪ.

ಮಾತು ಕಟುವಾಯಿತೆಂದು ನಿಮಗೆ ಅನ್ನಿಸಬಹುದು. ಆದ್ದರಿಂದ ನಿದರ್ಶನಕ್ಕೆ ಬರೋಣ.

1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯವು ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಸಮಾಧಿಗಳಿಗಾಗಿ ಒಂದು ಆಯೋಗವನ್ನು ಸ್ಥಾಪಿಸಿತು. ಫೇಬಿಯನ್ ವೇರ್ ಎಂಬವರು ಅದರ ಪ್ರಾಣಶಕ್ತಿ. ಮರುವರ್ಷ ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕ ಫ್ರೆಡರಿಕ್ ಕೆನ್ಯನ್ ಈ ಆಯೋಗಕ್ಕೆ ಒಂದು ವರದಿ ಕೊಟ್ಟರು. ಜನರಲ್ ಆಗಲಿ ಜವಾನನಾಗಲಿ, ಸಿರಿವಂತನಾಗಲಿ ಬಡವನಾಗಲಿ, ಸಮಾಧಿಕಲ್ಲು ಎಲ್ಲರಿಗೂ ಒಂದೇ ಅಳತೆಯದಾಗಿರಬೇಕು. ಭಾರತೀಯರಿಗೂ ಇತರ ಧರ್ಮೀಯರಿಗೂ ಸಲ್ಲುವ ಗೌರವ ಒಂದಿಷ್ಟೂ ಕಡಿಮೆಯಾಗಬಾರದು ಎಂಬುದು ಅದರ ತಾತ್ಪರ್ಯ. ಅಂದಿನ ಇಂಗ್ಲೆಂಡಿಗೆ ಇದು ಸಣ್ಣ ಮಾತಲ್ಲ. ಅಧಿಕಾರಿಗಳ ಕುಟುಂಬಗಳು ಪ್ರತಿಭಟಿಸಿದವು. 1920ರಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆಯಿತು. ಸಮಾನತೆಯ ತತ್ವವೇ ಗೆದ್ದಿತು. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಇಂದಿಗೂ ಸಾಲುಸಾಲಾಗಿ ನಿಂತಿರುವ ಬಿಳಿಯ ಕಲ್ಲುಗಳು ಆ ತತ್ವದ ಫಲ. ಅದಕ್ಕಾಗಿ ಆ ಆಯೋಗವನ್ನು ಮೆಚ್ಚಲೇಬೇಕು.

ಆದರೆ ಯೂರೋಪಿನ ಗಡಿ ದಾಟಿದೊಡನೆ ಆ ತತ್ವಕ್ಕೆ ಏನಾಯಿತು?

ಫ್ರಾನ್ಸಿನ ನವ್ ಶಪೆಲ್ ಎಂಬ ಊರಿನಲ್ಲಿ 1915ರ ಮಾರ್ಚ್ ತಿಂಗಳಲ್ಲಿ ಭಾರತೀಯ ಪಡೆಗಳು ಘೋರ ಕಾಳಗ ನಡೆಸಿದವು. 1927ರಲ್ಲಿ ಅಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿ, ಸಮಾಧಿಯೇ ಸಿಕ್ಕದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಾಮಾನ್ಯ ಸಿಪಾಯಿಯ ಹೆಸರೂ ಅಲ್ಲಿದೆ. ಅದೇ ಸೈನ್ಯದ ಅದೇ ದರ್ಜೆಯ ಸಿಪಾಯಿ ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ ಸತ್ತಿದ್ದರೆ? 1929ರಲ್ಲಿ ಬಾಸ್ರಾದಲ್ಲಿ ಎದ್ದುನಿಂತ ಸ್ಮಾರಕದ ಮೇಲೆ ಬ್ರಿಟಿಷರ ಹೆಸರುಗಳನ್ನು ಕೆತ್ತಲಾಯಿತು, ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಲಾಯಿತು. ಸಾಮಾನ್ಯ ಭಾರತೀಯ ಸೈನಿಕರನ್ನು ಮಾತ್ರ ರೆಜಿಮೆಂಟಿಗೆ ಇಷ್ಟು ಎಂದು ಸಂಖ್ಯೆಯಲ್ಲಿ ಬರೆದು ಮುಗಿಸಿದರು. ಯೂರೋಪಿನ ಪ್ರವಾಸಿಗಳ ಕಣ್ಣಿಗೆ ಬೀಳುವಲ್ಲಿ ಅವನು ಮನುಷ್ಯ, ಮರುಭೂಮಿಯಲ್ಲಿ ಅವನು ಅಂಕಿ. ಮಗನ ಪ್ರಾಣವನ್ನು ಕೊಟ್ಟ ತಾಯಿಗೆ ಅವನು ಅಂಕಿಯಾಗಿದ್ದನೇ?

ಆಫ್ರಿಕದ ಕಥೆ ಇನ್ನೂ ದಾರುಣ. ಪೂರ್ವ ಆಫ್ರಿಕದ ಕಾಡುಗಳಲ್ಲಿ ರೈಲೂ ಇಲ್ಲ, ರಸ್ತೆಯೂ ಇಲ್ಲ. ಹೇರುವ ಪ್ರಾಣಿಗಳು ತ್ಸೆತ್ಸೆ ನೊಣದ ಕಡಿತಕ್ಕೆ ಸಾಯುತ್ತಿದ್ದವು. ಆದ್ದರಿಂದ ಸೈನ್ಯದ ಅಕ್ಕಿ, ಹಿಟ್ಟು, ಮದ್ದುಗುಂಡುಗಳನ್ನೆಲ್ಲ ಮನುಷ್ಯರ ತಲೆಯ ಮೇಲೆ ಹೊರಿಸಲಾಯಿತು. ಹಳ್ಳಿಹಳ್ಳಿಗಳಿಂದ ಲಕ್ಷಾಂತರ ಜನರನ್ನು, ಅನೇಕರನ್ನು ಬಲವಂತದಿಂದಲೇ, ಹಿಡಿದು ತಂದು ‘ಕ್ಯಾರಿಯರ್ ಕೋರ್’ ಎಂದು ಕರೆದರು. ಅವರಲ್ಲಿ ಒಂದು ಲಕ್ಷದ ಸಮೀಪ ಜನ ಸತ್ತರು. ಗುಂಡಿಗಿಂತ ಹೆಚ್ಚಾಗಿ ಅತಿಸಾರ, ಮಲೇರಿಯಾ, ಹಸಿವುಗಳೇ ಅವರನ್ನು ಕೊಂದವು. ಅವರಿಗೆ ಹೆಸರಿನ ಕಲ್ಲಿಲ್ಲ. ಬಹುಪಾಲು ಜನರಿಗೆ ಗುರುತಿನ ಗೋರಿಯೂ ಇಲ್ಲ. ದಾರ್ ಎಸ್ ಸಲಾಮ್ ನಗರದ ದೊಡ್ಡ ಮಾರುಕಟ್ಟೆಯ ಬಡಾವಣೆಯನ್ನು ಇಂದಿಗೂ ‘ಕಾರಿಯಾಕೋ’ ಎನ್ನುತ್ತಾರೆ. ಅದು ‘ಕ್ಯಾರಿಯರ್ ಕೋರ್’ ಎಂಬ ಮಾತಿನ ತದ್ಭವ. ಸಾಮ್ರಾಜ್ಯ ಮರೆತ ಹೊರೆಯಾಳುಗಳನ್ನು ತರಕಾರಿ ಮಾರುವವರ ನಾಲಗೆ ಇಷ್ಟಾದರೂ ಉಳಿಸಿಕೊಂಡಿದೆ.

ಹಣ ಸಾಲದೆ ಹೀಗಾಯಿತೆಂದು ಯಾರಾದರೂ ಹೇಳಬಹುದು. ಹಾಗಲ್ಲ. ಗೋಲ್ಡ್ ಕೋಸ್ಟಿನ (ಇಂದಿನ ಘಾನಾ) ಗವರ್ನರರು 1923ರಲ್ಲಿ ಆಯೋಗದೊಡನೆ ಮಾತನಾಡುತ್ತ, ಅಲ್ಲಿನ ಸಾಮಾನ್ಯ ಮನುಷ್ಯನಿಗೆ ಸಮಾಧಿಕಲ್ಲಿನ ಬೆಲೆಯಾಗಲಿ ಅರ್ಥವಾಗಲಿ ತಿಳಿಯದು ಎಂಬ ಅಭಿಪ್ರಾಯ ಕೊಟ್ಟರು. ಆತನಿಗಾಗಿ ಸಾಯುವಷ್ಟು ಬುದ್ಧಿ ಇತ್ತು. ತನ್ನವನ ಗೋರಿಯ ಮುಂದೆ ಅಳುವಷ್ಟು ಬುದ್ಧಿ ಇರಲಿಲ್ಲವೆಂದು ಇದರ ಅರ್ಥವೇ? ಕೀಳೆಂದು ಮೊದಲೇ ತೀರ್ಮಾನಿಸಿದವನನ್ನು ಸತ್ತ ಮೇಲೂ ಕೀಳಾಗಿಯೇ ಇಡಲು ಬಳಸಿದ ನೆಪ ಇದು.

ಈ ಸತ್ಯ ಅಧಿಕೃತವಾಗಿ ಹೊರಬೀಳಲು ಸುಮಾರು ನೂರು ವರ್ಷ ಬೇಕಾಯಿತು. 2021ರ ಏಪ್ರಿಲ್ ತಿಂಗಳಲ್ಲಿ ಆ ಆಯೋಗವೇ ನೇಮಿಸಿದ ವಿಶೇಷ ಸಮಿತಿ ತನ್ನ ವರದಿಯನ್ನು ಪ್ರಕಟಿಸಿತು. ಅದರ ಅಂದಾಜಿನಂತೆ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಇವರಲ್ಲದೆ ಕನಿಷ್ಠ 1,16,000, ಬಹುಶಃ 3,50,000ದವರೆಗೂ ಜನರನ್ನು ಹೆಸರಿನಿಂದ ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ. ಇವರಲ್ಲಿ ಬಹುಪಾಲು ಆಫ್ರಿಕನ್ನರು, ಭಾರತೀಯರು, ಈಜಿಪ್ಟಿನವರು. ಆಯೋಗ ಕ್ಷಮೆ ಯಾಚಿಸಿತು. ಬ್ರಿಟನ್ನಿನ ರಕ್ಷಣಾ ಮಂತ್ರಿಯೂ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಹೆಸರುಗಳ ಹುಡುಕಾಟ ಆರಂಭವಾಯಿತು. ತಡವಾದರೂ ಇದು ಸರಿಯಾದ ಹೆಜ್ಜೆ. ಆದರೆ ಆ ಹೊತ್ತಿಗೆ, ಹೆಸರು ಹಿಡಿದು ಕರೆಯಬೇಕಾಗಿದ್ದ ತಾಯಂದಿರು, ಹೆಂಡಂದಿರು, ಮಕ್ಕಳು ಎಲ್ಲರೂ ಮಣ್ಣಾಗಿದ್ದರು.

ಇಷ್ಟು ಓದಿ, “ಬ್ರಿಟಿಷರು ಹಾಗೆಯೇ” ಎಂದು ಸಮಾಧಾನಪಟ್ಟುಕೊಳ್ಳುವುದು ನಮಗೆ ಸುಲಭ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಮನೆಯ ಕಡೆಗೂ ಒಮ್ಮೆ ನೋಡೋಣ.

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ನಗರವನ್ನು ಗೆದ್ದವು. ಭರ್ಜಿ ಹಿಡಿದ ಕುದುರೆ ಸವಾರರು ಮೆಷಿನ್‌ಗನ್ನುಗಳಿಗೆ ಎದುರಾಗಿ ನುಗ್ಗಿದ ಆ ಘಟನೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ದೆಹಲಿಯಲ್ಲಿ 1922ರಿಂದ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕವಿದೆ. 2018ರಲ್ಲಿ ದೆಹಲಿಯ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಆ ಸವಾರರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಆ ಮಹಾಯುದ್ಧಕ್ಕೆ ಭಾರತದಿಂದ ಹೋದವರು ಸವಾರರು, ಸಿಪಾಯಿಗಳು ಮಾತ್ರವೇ? ಐದು ಲಕ್ಷಕ್ಕೂ ಹೆಚ್ಚು ಮಂದಿ ಆಯುಧವಿಲ್ಲದವರು ಹೋದರು. ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು, ಗಾಯಾಳುಗಳ ಡೋಲಿ ಹೊರುವವರು, ಅಡುಗೆಯವರು, ಮಲ ಬಳಿಯುವವರು, ರಸ್ತೆ ಕಡಿಯುವವರು. ಸಂತಾಲರು, ನಾಗಾ ಮತ್ತು ಮಣಿಪುರದ ಗುಡ್ಡಗಾಡಿನವರು ಫ್ರಾನ್ಸಿನವರೆಗೆ ಹೋದರು. ಜೈಲುಗಳಿಂದ ಕೈದಿಗಳನ್ನು ಮೆಸಪೊಟೇಮಿಯಾಕ್ಕೆ ಸಾಗಿಸಲಾಯಿತು. ಸೈನ್ಯದ ಕಾಗದಪತ್ರಗಳಲ್ಲಿ ಇವರೆಲ್ಲ ‘ಫಾಲೋಯರ್ಸ್’, ಅಂದರೆ ಹಿಂಬಾಲಕರು.

ಈ ಹಿಂಬಾಲಕರಲ್ಲಿ ಯಾರಾದರೂ ನಮ್ಮ ಶಾಲಾ ಪುಸ್ತಕಗಳಲ್ಲಿ ಬಂದಿದ್ದಾರೆಯೇ? ಯಾವ ವೃತ್ತದಲ್ಲಿ ಇವರ ಪ್ರತಿಮೆ ಇದೆ? ಕುದುರೆಯ ಮೇಲಿದ್ದವನು ನಮಗೆ ಬೇಕು. ಕುದುರೆಯ ಲದ್ದಿ ಎತ್ತಿದವನು ಬೇಡ. ಇದರಲ್ಲಿ ಬ್ರಿಟಿಷರ ಪಾಲು ಎಷ್ಟು, ನಮ್ಮ ಜಾತಿಯ ಪಾಲು ಎಷ್ಟು ಎಂಬುದನ್ನು ನೀವೇ ಅಳೆಯಿರಿ. ಬದುಕಿದ್ದಾಗ ಯಾರ ನೆರಳು ಬೇಡವಾಗಿತ್ತೋ ಅವರ ಹೆಸರು ಸತ್ತ ಮೇಲೂ ಬೇಡವಾಯಿತು. ಪರರು ನಮ್ಮನ್ನು ಅಂಕಿಯಾಗಿಸಿದ್ದಕ್ಕೆ ಕೋಪಿಸಿಕೊಳ್ಳುವ ನಾವು, ನಮ್ಮವರನ್ನು ನಾವೇ ಅಂಕಿಗೂ ಲಾಯಕ್ಕಲ್ಲವೆಂದು ಬಿಟ್ಟಿರುವುದನ್ನು ನೋಡದೆ ಹೋದರೆ ಆ ಕೋಪದಲ್ಲಿ ಸತ್ಯವಿಲ್ಲ.

ನಮ್ಮ ನೆರೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಪಾಕಿಸ್ತಾನದ ಸರ್ಕಾರ, ಹೋರಾಡುತ್ತಿರುವವರು ತನ್ನ ಸೈನಿಕರೇ ಅಲ್ಲವೆಂದು ವಾದಿಸಿತು. ಆ ಸುಳ್ಳನ್ನು ಕಾಪಾಡುವುದಕ್ಕಾಗಿ ತನ್ನವರ ಅನೇಕ ಶವಗಳನ್ನು ಅದು ಸ್ವೀಕರಿಸಲಿಲ್ಲ. ಅವರನ್ನು ಅವರ ಧರ್ಮದ ವಿಧಿಗಳಂತೆ ಭೂಸ್ಥಾಪನೆ ಮಾಡಿದವರು ನಮ್ಮ ಸೈನಿಕರು. ಹಿಂದಿನ ದಿನದವರೆಗೂ ತಮ್ಮ ಸಂಗಾತಿಗಳನ್ನು ಕೊಂದವರಿಗಾಗಿ ಆ ಎತ್ತರದ ಬಂಡೆಗಳಲ್ಲಿ ಗುಂಡಿ ತೋಡಿದರು. ಹನ್ನೊಂದು ವರ್ಷಗಳ ನಂತರ, 2010ರಲ್ಲಿ, ಪಾಕಿಸ್ತಾನದ ಸೈನ್ಯ ಆ ಯುದ್ಧದಲ್ಲಿ ಸತ್ತ ತನ್ನ ನಾನೂರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಪ್ರಕಟಿಸಿತು. ತನ್ನವರನ್ನೇ ನಿರಾಕರಿಸಿದ ಆ ಸರ್ಕಾರ ಒಂದು ಕಡೆ, ಪರರ ಹೆಣಕ್ಕೂ ಪ್ರಾರ್ಥನೆ ಹೇಳಿಸಿದ ಜವಾನರು ಇನ್ನೊಂದು ಕಡೆ. ಜುಲೈ 26ರಂದು ವಿಜಯೋತ್ಸವ ಆಚರಿಸುವ ನಾವು ಮಕ್ಕಳಿಗೆ ಶಿಖರಗಳನ್ನು ಗೆದ್ದ ಕಥೆಯೊಂದಿಗೆ ಈ ಭೂಸ್ಥಾಪನೆಯ ಕಥೆಯನ್ನೂ ಹೇಳುತ್ತೇವೆಯೇ? ನನ್ನ ಮಟ್ಟಿಗೆ, ನಮ್ಮ ದೇಶ ಹೆಮ್ಮೆಪಡಬೇಕಾದ ಘಳಿಗೆಗಳಲ್ಲಿ ಅದೂ ಒಂದು. ಮೃತರನ್ನು ಹೂಳುವುದು ದಯಾಕಾರ್ಯಗಳಲ್ಲಿ ಒಂದೆಂದು ನಮ್ಮ ಧರ್ಮೋಪದೇಶ ಕಲಿಸುತ್ತದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ತೊಬೀತನು ಮಾಡಿದ ಕೆಲಸವನ್ನೇ ಆ ಜವಾನರು ಮಾಡಿದರು.

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕಲಾಗದು. “ಎಲ್ಲ ಸತ್ತವರನ್ನೂ ಒಂದೇ ಸಮನೆ ನೆನೆದರೆ, ಕೊಂದವನಿಗೂ ಕೊಲೆಯಾದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲವಲ್ಲ?” ಈ ಪ್ರಶ್ನೆ ಜರ್ಮನಿಯಲ್ಲಿ ನಿಜವಾಗಿಯೂ ಎದ್ದಿತ್ತು. 1993ರಲ್ಲಿ ಬರ್ಲಿನ್ನಿನ ‘ನೋಯೆ ವಾಖೆ’ ಕಟ್ಟಡವನ್ನು ಯುದ್ಧ ಮತ್ತು ದಬ್ಬಾಳಿಕೆಗೆ ಬಲಿಯಾದ ಎಲ್ಲರಿಗೂ ಅರ್ಪಿಸಿದಾಗ, ನಾಜಿಗಳ ಕೈಯಲ್ಲಿ ಸತ್ತ ಯೆಹೂದ್ಯರನ್ನೂ ನಾಜಿ ಸೈನಿಕರನ್ನೂ ಒಂದೇ ಮಾತಿನಡಿ ಸೇರಿಸುವುದು ಸರಿಯೇ ಎಂದು ಅನೇಕರು ಪ್ರತಿಭಟಿಸಿದರು. ಅವರ ಪ್ರತಿಭಟನೆಯಲ್ಲಿ ನ್ಯಾಯವಿತ್ತು. ತಪ್ಪನ್ನು ಅಳಿಸಿಹಾಕುವ ದುಃಖ ಸುಳ್ಳು ದುಃಖ.

ಇದಕ್ಕೆ ಉತ್ತರ ಪವಿತ್ರ ಗ್ರಂಥದಲ್ಲಿದೆ, ಅದೂ ಮೃತರಿಗಾಗಿ ಪ್ರಾರ್ಥಿಸಲು ನಮಗೆ ಆಧಾರವಾಗಿರುವ ಭಾಗದಲ್ಲಿಯೇ ಇದೆ. ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯವನ್ನು ಈ ತಿಂಗಳು ಮನೆಯಲ್ಲಿ ತೆರೆದು ಓದಿ. ಯುದ್ಧದಲ್ಲಿ ಬಿದ್ದ ತನ್ನ ಸೈನಿಕರನ್ನು ಹೂಳಲು ಯೂದ ಮಕ್ಕಬಿಯ ಬರುತ್ತಾನೆ. ಸತ್ತವರ ಅಂಗಿಗಳೊಳಗೆ, ಧರ್ಮಶಾಸ್ತ್ರ ನಿಷೇಧಿಸಿದ ವಿಗ್ರಹದ ತಾಯಿತಗಳು ಸಿಕ್ಕುತ್ತವೆ. ಆಗ ಅವನು ಏನು ಮಾಡಿದ? ತಾಯಿತಗಳನ್ನು ಬಚ್ಚಿಟ್ಟು ಇವರೆಲ್ಲ ನಿಷ್ಕಳಂಕ ವೀರರೆಂದು ಸಾರಲಿಲ್ಲ. ಪಾಪಿಗಳೆಂದು ಹೆಣಗಳನ್ನು ನಾಯಿನರಿಗಳಿಗೆ ಬಿಡಲೂ ಇಲ್ಲ. ಅವರ ಪಾಪವನ್ನು ಎಲ್ಲರೆದುರಿಗೆ ಒಪ್ಪಿಕೊಂಡು, ಎಲ್ಲರೊಡನೆ ಪ್ರಾರ್ಥಿಸಿ, ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಕೂಡಿಸಿ ಅವರಿಗಾಗಿ ಜೆರುಸಲೇಮಿಗೆ ಪಾಪಪರಿಹಾರ ಬಲಿಯ ಕಾಣಿಕೆ ಕಳುಹಿಸಿದನು.

ಪ್ರಿಯರೇ, ಯುದ್ಧಸ್ಮರಣೆಯ ನೀತಿಶಾಸ್ತ್ರವೆಲ್ಲ ಈ ಒಂದು ಘಟನೆಯಲ್ಲಿದೆ. ತಪ್ಪನ್ನು ತಪ್ಪೆಂದು ಹೇಳಬೇಕು, ಹೇಳಿಯೂ ಮೃತನನ್ನು ಕೈಬಿಡಬಾರದು. ಪ್ರಾರ್ಥನೆ ಎಲ್ಲರಿಗೂ ಸಮಾನ. ತೀರ್ಪು ಎಲ್ಲರಿಗೂ ಸಮಾನವಲ್ಲ. ತೀರ್ಪಿನ ಭಯದಿಂದ ಪ್ರಾರ್ಥನೆಯನ್ನು ನಿಲ್ಲಿಸುವವನೂ, ಪ್ರಾರ್ಥನೆಯ ನೆಪದಿಂದ ತೀರ್ಪನ್ನು ಮುಚ್ಚಿಹಾಕುವವನೂ ಒಂದೇ ತಪ್ಪಿನ ಎರಡು ತುದಿಗಳಲ್ಲಿ ನಿಂತಿದ್ದಾರೆ.

ಜರ್ಮನಿಯ ಶಿಲ್ಪಿ ಕೇಟೆ ಕೋಲ್ವಿಟ್ಸ್ ಇದನ್ನು ತನ್ನ ಕರುಳಿನಿಂದ ಕಲಿತಳು. 1914ರಲ್ಲಿ ಅವಳ ಕಿರಿಯ ಮಗ ಪೀಟರ್ ಸೈನ್ಯ ಸೇರಲು ಹೊರಟಾಗ ವಯಸ್ಸು ಸಾಲದ್ದರಿಂದ ತಂದೆಯ ಒಪ್ಪಿಗೆ ಬೇಕಾಗಿತ್ತು. ತಂದೆ ಒಪ್ಪಲಿಲ್ಲ, ಮಗನ ಪರವಾಗಿ ಮಾತನಾಡಿ ಒಪ್ಪಿಸಿದವಳು ತಾಯಿ. ಅಕ್ಟೋಬರ್ ತಿಂಗಳಲ್ಲಿ ಅವನು ಬೆಲ್ಜಿಯಂನಲ್ಲಿ ಸತ್ತ. ಅವನ ಸಮಾಧಿಗಾಗಿ ಅವಳು ಒಂದು ಸ್ಮಾರಕವನ್ನು ಮಾಡಲು ತೊಡಗಿದಳು. ಅದು ಮುಗಿದು ಸ್ಥಾಪನೆಯಾದದ್ದು 1932ರಲ್ಲಿ. ಅದರಲ್ಲಿ ವೀರ ಯೋಧನಿಲ್ಲ, ಧ್ವಜವಿಲ್ಲ, ಗೆಲುವಿನ ಮಾಲೆಯಿಲ್ಲ. ಮೊಣಕಾಲೂರಿದ ತಂದೆ, ಮೊಣಕಾಲೂರಿ ತಲೆಬಾಗಿದ ತಾಯಿ, ಅಷ್ಟೇ. ಹಿರಿಯರು ಹೋಗಿ ಕಿರಿಯರ ಗೋರಿಗಳ ಮುಂದೆ ಮೊಣಕಾಲೂರಿದ್ದಾರೆ. ಯುದ್ಧಸ್ಮಾರಕವೊಂದು ಸತ್ಯವನ್ನು ಹೇಳುವುದಾದರೆ ಹೀಗೆ ಹೇಳಬೇಕು. ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದವರು, ಕಳುಹಿಸುವಾಗ ಚಪ್ಪಾಳೆ ತಟ್ಟಿದವರು, ತಡೆಯಬಹುದಾಗಿದ್ದಾಗ ಸುಮ್ಮನಿದ್ದವರು, ಎಲ್ಲರಿಗೂ ಅಲ್ಲಿ ಜಾಗವಿದೆ.

ಶ್ರೀಸಭೆಯನ್ನೂ ಈ ಮಾತಿನಿಂದ ಹೊರಗಿಡುವಂತಿಲ್ಲ. 1914ರಲ್ಲಿ ಫ್ರಾನ್ಸಿನ ಕಥೋಲಿಕರೂ ಜರ್ಮನಿಯ ಕಥೋಲಿಕರೂ ಒಬ್ಬನೇ ದೇವರಲ್ಲಿ ಪರಸ್ಪರರ ಸೋಲಿಗಾಗಿ ಬೇಡಿದರು. 1917ರ ಆಗಸ್ಟ್ 1ರಂದು 15ನೆಯ ಬೆನೆಡಿಕ್ಟರು ಕಾದಾಡುವ ರಾಷ್ಟ್ರಗಳಿಗೆ ಪತ್ರ ಬರೆದು, ಇದೊಂದು ವ್ಯರ್ಥ ಕಗ್ಗೊಲೆಯಾಗುತ್ತಿದೆಯೆಂದು ಎಚ್ಚರಿಸಿ ಸಂಧಾನಕ್ಕೆ ಕರೆದಾಗ, ಆ ಮಾತಿಗೆ ಕಿವಿಗೊಟ್ಟ ಕಥೋಲಿಕರು ಎರಡೂ ಕಡೆಯಲ್ಲಿ ಎಷ್ಟು ಜನ? ನಮ್ಮ ದೇವಾಲಯಗಳ ಗಂಟೆಗಳು ಸಂಧಾನಕ್ಕಾಗಿ ಬಾರಿಸಿದ್ದಕ್ಕಿಂತ ವಿಜಯಕ್ಕಾಗಿ ಬಾರಿಸಿದ್ದೇ ಹೆಚ್ಚು.

“ನೂರು ವರ್ಷ ಕಳೆಯಿತು, ಹೆಸರು ಕೆತ್ತಿದರೆ ಸತ್ತವರು ಎದ್ದುಬರುತ್ತಾರೆಯೇ?” ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಬ್ರೈಟನ್ನಿನ ಬಳಿ, ಗುಡ್ಡದ ಮೇಲೆ, 1921ರಲ್ಲಿ ಕಟ್ಟಿದ ಒಂದು ಛತ್ರಿ ಇದೆ. ಅಲ್ಲಿಯ ಆಸ್ಪತ್ರೆಗಳಲ್ಲಿ ಸತ್ತ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ ಸ್ಥಳ ಅದು. ಅಮೃತಶಿಲೆಯ ಸುಂದರ ಸ್ಮಾರಕ, ಆದರೆ ಹೆಸರುಗಳಿರಲಿಲ್ಲ. 2010ರಲ್ಲಿ ಆ 53 ಹೆಸರುಗಳನ್ನು ಕೆತ್ತಿದ ಕಲ್ಲನ್ನು ಅದರ ಬಳಿ ನಿಲ್ಲಿಸಲಾಯಿತು. ಇದರಿಂದ ಸತ್ತವರಿಗೆ ಏನಾಯಿತೆಂಬುದನ್ನು ದೇವರೇ ಬಲ್ಲರು. ಬದುಕಿರುವವರಿಗೆ ಏನಾಯಿತೆಂಬುದನ್ನು ನಾನು ಹೇಳಬಲ್ಲೆ. ‘ಭಾರತೀಯ ಸೈನಿಕರು’ ಎಂದಿದ್ದದ್ದು ಒಬ್ಬೊಬ್ಬನೂ ಯಾರದೋ ಮಗನಾಗಿ ಕಾಣುವಂತಾಯಿತು. ಅಂಕಿಯನ್ನು ಕಳುಹಿಸಿ ಯುದ್ಧ ಮಾಡುವುದು ಯಾವ ಸರ್ಕಾರಕ್ಕೂ ಸುಲಭ. ಹೆಸರುಳ್ಳವನನ್ನು ಕಳುಹಿಸಬೇಕಾದಾಗ ಕೈ ನಡುಗುತ್ತದೆ, ನಡುಗಬೇಕು. ಮುಂದಿನ ಯುದ್ಧಕ್ಕೆ ಹಾಕಬಹುದಾದ ಸಣ್ಣ ತಡೆಗಳಲ್ಲಿ ಇದೂ ಒಂದು.

“ಮಕ್ಕಳಲ್ಲಿ ದೇಶಾಭಿಮಾನ ಬೆಳೆಯಬೇಡವೇ?” ಎಂಬುದು ಇನ್ನೊಂದು ಪ್ರಶ್ನೆ. ಬೆಳೆಯಲಿ. ಆದರೆ ಟೀವಿಯ ಪರದೆಯ ಮೇಲೆ ಸಿಡಿಮದ್ದಿನ ಬೆಳಕನ್ನು ಕಂಡು ಮಗು ಚಪ್ಪಾಳೆ ತಟ್ಟಿದಾಗ, ಆ ಬೆಳಕಿನಡಿಯಲ್ಲಿ ಒಂದು ಊರಿದೆಯೆಂದು ಹೇಳುವ ಹಿರಿಯರು ಮನೆಯಲ್ಲಿ ಬೇಕು. ಪರರ ಹೆಣಗಳನ್ನು ಎಣಿಸಿ ನಗಲು ಕಲಿತ ಮಗು ನಾಳೆ ನೆರೆಮನೆಯವನ ಹೆಣವನ್ನೂ ಎಣಿಸಿ ನಗುತ್ತದೆ. ಶತ್ರುಗಳನ್ನು ಪ್ರೀತಿಸಿರೆಂದು ಯೇಸುಸ್ವಾಮಿ ಬೋಧಿಸಿದಾಗ ಯುದ್ಧಕಾಲವನ್ನು ಅದರಿಂದ ಹೊರತುಪಡಿಸಲಿಲ್ಲ.

ಬ್ರಿಟಿಷರ ದೊಡ್ಡ ಯುದ್ಧಸ್ಮಶಾನಗಳಲ್ಲಿ ಒಂದು ಬೃಹತ್ ಶಿಲೆ ಇರುತ್ತದೆ. ಮೃತರ ಹೆಸರು ಚಿರಕಾಲ ಬಾಳುತ್ತದೆಂಬ ಅರ್ಥದ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಸಿರಾಖನ ಗ್ರಂಥದ ನಲವತ್ತನಾಲ್ಕನೆಯ ಅಧ್ಯಾಯದಿಂದ ಆರಿಸಿದ ಮಾತು ಅದು. ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಕೆಲವೇ ವಾಕ್ಯಗಳ ಮೊದಲು, ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ ಸ್ಮರಣೆಯೇ ಇಲ್ಲದೆ ಅಳಿದುಹೋದವರ ಪ್ರಸ್ತಾಪವಿದೆ. ಶಿಲೆಯ ಮೇಲೆ ಒಂದು ವಾಕ್ಯ ಏರಿತು, ಇನ್ನೊಂದು ಉಳಿದುಹೋಯಿತು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಉಳಿದ ವಾಕ್ಯವನ್ನು ನಾವು ಎತ್ತಿಕೊಳ್ಳೋಣ.

ಅದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಈ ತಿಂಗಳು ಮೃತರ ಹೆಸರುಗಳ ಪಟ್ಟಿಯನ್ನು ಬಲಿಪೀಠದ ಬಳಿ ಇಡುವಾಗ, ಪಟ್ಟಿಯಲ್ಲಿ ಹೆಸರು ಬರೆಸಲು ಯಾರೂ ಇಲ್ಲದವರಿಗೂ ಒಂದು ಸಾಲು ಇರಲಿ. ನವೆಂಬರ್ 11 ಆ ಮಹಾಯುದ್ಧ ನಿಂತ ದಿನ. ಅಂದಿನ ಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಬಾಸ್ರಾದ ಹೆಸರಿಲ್ಲದ ಸಿಪಾಯಿಗಳನ್ನು, ಆಫ್ರಿಕದ ಹೊರೆಯಾಳುಗಳನ್ನು, ಹೈಫಾದಲ್ಲಿ ನಮ್ಮವರ ಭರ್ಜಿಗೆ ಸಿಕ್ಕಿ ಸತ್ತ ತುರ್ಕಿಯ ಸೈನಿಕರನ್ನು ನೆನೆಯೋಣ. ನಿಮ್ಮ ಕುಟುಂಬದಿಂದ ಯಾರಾದರೂ ಸೈನ್ಯಕ್ಕೋ ಸೈನ್ಯದ ಕೂಲಿಗೋ ಹೋಗಿ ಹಿಂತಿರುಗದೆ ಇದ್ದರೆ, ಅಜ್ಜ ಅಜ್ಜಿಯರನ್ನು ಕೇಳಿ ಅವರ ಹೆಸರನ್ನು ಬರೆದಿಡಿ. ನಮ್ಮ ಸಮಾಧಿಭೂಮಿಯ ಮೂಲೆಯಲ್ಲಿ ಶಿಲುಬೆಯೂ ಇಲ್ಲದೆ ಕುಸಿದಿರುವ ಬಡವರ ಗೋರಿಗಳ ಮೇಲೆ, ನಿಮ್ಮವರ ಗೋರಿಗೆ ಹಚ್ಚಿದ ಮೇಲೆ ಉಳಿದ ಒಂದು ಮೇಣದ ಬತ್ತಿಯನ್ನು ಹಚ್ಚಿ. ಹಚ್ಚುವಾಗ ಮಕ್ಕಳು ಜೊತೆಗಿರಲಿ. ಇವರು ಯಾರು ಎಂದು ಅವರು ಖಂಡಿತ ಕೇಳುತ್ತಾರೆ.